ಪದವಿನ ಹೊಂಡಗಳ ನಕ್ಷೆ

2187, ಒಡಕಿನ ಹತ್ತೊಂಬತ್ತನೇ ದಿನ

ನೂರರವತ್ತು ವರ್ಷ ಹಿಂದಿರುವ ಹಿರಿಯರಿಗೆ,

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಒಡಕು ಎಂದರೆ ನಮ್ಮ ಎರಡು ಮಳೆಗಾಲಗಳ ನಡುವಿನ ಬಿಸಿಲು. ನಾನು ಲವೀನಾ ಕ್ರಾಸ್ತಾ. ಅಳಿವಿನಂಚಿನ ಜೀವಿಗಳು ಬದುಕಬಲ್ಲ ನೆಲವನ್ನು ಹುಡುಕಿ ನಕ್ಷೆ ಮಾಡುವುದು ನನ್ನ ಕೆಲಸ.

ಹೆಬ್ಬೆರಳಿನಷ್ಟು ಗಾತ್ರದ ಪದವುಗಪ್ಪೆ ಕರಾವಳಿಯ ಕೆಂಪುಕಲ್ಲಿನ ಬಯಲುಗಳಲ್ಲಿ, ಅಂದರೆ ಪದವುಗಳಲ್ಲಿ, ಮಳೆನೀರಿನ ಹೊಂಡ ನೋಡಿ ಮೊಟ್ಟೆಯಿಡುತ್ತದೆ. ಮರಿಗೆ ಕಾಲು ಮೂಡಲು ನಲವತ್ತು ದಿನ ನೀರು ನಿಲ್ಲಬೇಕು. ಹೊರಗೆ ಒಂದೂ ಉಳಿದಿರಲಿಲ್ಲ. ನಮ್ಮ ಕೇಂದ್ರದ ತಂಪುಕೋಣೆಯಲ್ಲಿ ಸಾಕಿದ ಎಂಬತ್ತು ಇದ್ದವು. ಅವುಗಳನ್ನು ಬಿಡಲು ಜಾಗ ಹುಡುಕಬೇಕಿತ್ತು. ಎರಡು ವರ್ಷ ಬಿಸಿಲು, ತೇವ, ನೀರು ನಿಲ್ಲುವ ದಿನಗಳನ್ನು ಅಳೆದೆ. ಇಡೀ ಕರಾವಳಿಯಲ್ಲಿ ಒಂದೇ ಪದವು ನಕ್ಷೆಯಲ್ಲಿ ಹಸಿರು ಬಣ್ಣಕ್ಕೆ, ಅಂದರೆ ಕಪ್ಪೆ ಬದುಕಬಲ್ಲ ಜಾಗವಾಗಿ, ಬಂತು. ಕಡಲು ಊರು ನುಂಗಿದ ಮೇಲೆ ಹತ್ತಿ ಬಂದವರ ಮೂವತ್ತೊಂದು ಮನೆಗಳು ಅಲ್ಲಿದ್ದವು.

ಅಲ್ಲಿನ ಹಿರಿಯರಾದ ಗುಲಾಬಿಯಕ್ಕ ಎರಡು ವರ್ಷವೂ ನನಗೆ ಗಂಜಿ ಬಡಿಸಿದ್ದರು. ನಕ್ಷೆಯನ್ನು ಬಹಳ ಹೊತ್ತು ನೋಡಿದರು.

“ಕಪ್ಪೆ ಎಲ್ಲಿರಬೇಕು ಅಂತ ಇದರಲ್ಲಿ ಉಂಟು. ನಾವು ಎಲ್ಲಿಗೆ ಹೋಗುವುದು ಅಂತ ಉಂಟಾ?”

“ಇಲ್ಲ ಅಕ್ಕ,” ಎಂದೆ.

ನಕ್ಷೆಯನ್ನು ಸರ್ಕಾರಕ್ಕೆ ಸಲ್ಲಿಸಿದೆ. ತಿಂಗಳೊಳಗೆ ಅವರನ್ನೆಲ್ಲ ಒಳನಾಡಿನ ಸಾಲುಮನೆಗಳಿಗೆ ಸಾಗಿಸಿದರು. ನಾನು ನೋಡುತ್ತ ನಿಂತಿದ್ದೆ. ಏನೂ ಅನ್ನಿಸಲಿಲ್ಲ.

ಹೋದ ವರ್ಷ ಮೊದಲ ಮಳೆಗೆ ಎಪ್ಪತ್ತನಾಲ್ಕು ಕಪ್ಪೆಗಳನ್ನು ಬಿಟ್ಟೆವು. ಅವು ಕೂಗಿದವು, ಮೊಟ್ಟೆಯಿಟ್ಟವು. ಮಳೆಗೇನೂ ಕೊರತೆಯಿರಲಿಲ್ಲ. ಆದರೂ ಮಳೆ ಒಂದು ವಾರ ಬಿಡುವು ಕೊಟ್ಟಾಗ, ಇಪ್ಪತ್ತೆರಡನೇ ದಿನಕ್ಕೆ ಹೊಂಡಗಳು ಬತ್ತಿದವು. ಗೊದಮೊಟ್ಟೆಗಳು ಕಲ್ಲಿಗಂಟಿ ಒಣಗಿದ್ದವು. ದೊಡ್ಡ ಕಪ್ಪೆಗಳೂ ಒಡಕು ದಾಟಲಿಲ್ಲ. ತಾರೀಕು ಹಾಕಿ ಬರೆದುಕೊಂಡೆ, ಊಟ ಮಾಡಿದೆ.

ಆಮೇಲೆ ಗುಲಾಬಿಯಕ್ಕನನ್ನು ಹುಡುಕಿಕೊಂಡು ಹೋದೆ. ಸಾಲುಮನೆಯ ಮೆಟ್ಟಿಲಲ್ಲಿ ಕೂತಿದ್ದರು. ನೀರು ನಿಲ್ಲಲಿಲ್ಲ ಎಂದೆ.

“ಹೇಗೆ ನಿಲ್ಲುತ್ತದೆ? ಆ ಕಲ್ಲು ಪೂರಾ ತೂತು. ಮಳೆ ಹಿಡಿಯುವ ಮೊದಲು ನಾವು ಬಿರುಕಿಗೆಲ್ಲ ಜೇಡಿಮಣ್ಣು ಮೆತ್ತುತ್ತಿದ್ದೆವು. ದನಗಳಿಗೆ ಕುಡಿಯಲಿಕ್ಕೆ ಬೇಡವಾ?”

“ನನಗೆ ಯಾಕೆ ಹೇಳಲಿಲ್ಲ ಅಕ್ಕ?”

“ನೀವು ಕೇಳಿದ್ದು ನೀರು ಎಷ್ಟು ದಿನ ನಿಲ್ಲುತ್ತದೆ ಅಂತ. ಅದನ್ನು ಹೇಳಿದೆನಲ್ಲ.”

ವಾಪಸು ಬನ್ನಿ ಎಂದು ಕೇಳಿದೆ. ಒಪ್ಪಲಿಲ್ಲ. ಆದರೆ ಮಣ್ಣಿಗೆ ಎಷ್ಟು ನೀರು, ಎಷ್ಟು ಹೊಟ್ಟು ಎಂದು ಅಲ್ಲೇ ಕಲೆಸಿ ತೋರಿಸಿದರು. ಈಗ ನಾನೊಬ್ಬಳೇ ಮೆತ್ತುತ್ತಿದ್ದೇನೆ. ಮೂರು ಹೊಂಡ ಮುಗಿದಿವೆ. ತಂಪುಕೋಣೆಯಲ್ಲಿ ಆರು ಕಪ್ಪೆಗಳಿವೆ, ಎರಡು ಹೆಣ್ಣು.

ನಿಮ್ಮ ಕಾಲದಲ್ಲಿ ಈ ಪದವಿನ ಮೇಲೆ ಕಪ್ಪೆ ಇನ್ನೂ ಕೂಗುತ್ತಿರಬಹುದು. ನಿಮ್ಮಲ್ಲಿ ಯಾರಾದರೂ ಅಲ್ಲಿ ಅಳೆಯಲು ಹೋದಾಗ, ಹೊಂಡದ ಬದಿಯಲ್ಲಿ ಯಾರಾದರೂ ಮಣ್ಣು ಕಲೆಸುತ್ತ ಕೂತಿದ್ದರೆ, ದಯವಿಟ್ಟು ಅವರನ್ನೂ ನಕ್ಷೆಯಲ್ಲಿ ಬರೆದುಕೊಳ್ಳಿ.

ಲವೀನಾ