ಶೆಗಡಿಗೆ ಕೆಂಡ ಹಾಕಲೋ ಬೇಡವೋ, ನೀವೇ ಹೇಳಿ

ಮಕ್ಕಳ ಆರೋಗ್ಯದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ಆರೋಗ್ಯ ಕೇಂದ್ರದಿಂದ ನೀವು ಎತ್ತಿಕೊಂಡು ಹೋದ ಡಾಕ್ಟರನ್ನು ವಾಪಸು ಕಳಿಸಿ. ಈ ಪತ್ರದ ಸಾರಾಂಶ ಇಷ್ಟೇ. ಸಭೆಗೆ ಹೊತ್ತಾಗಿದ್ದರೆ ಇಲ್ಲಿಗೇ ಓದು ನಿಲ್ಲಿಸಬಹುದು. ಪುರುಸೊತ್ತಿದ್ದರೆ ಮುಂದಿನದನ್ನೂ ಓದಿ, ಅದರಲ್ಲಿ ಒಂದು ಮಗು ಇದೆ.

ನಾನು ಕಲಘಟಗಿ ತಾಲೂಕಿನ ತಂಬೂರಿನಲ್ಲಿ ಬಟ್ಟೆ ಹೊಲಿಯುವವನು. ಸುತ್ತಲಿನ ಶಾಲೆ ಮಕ್ಕಳ ಅಂಗಿ, ಚಡ್ಡಿ, ಲಂಗಗಳಲ್ಲಿ ಬಹುಪಾಲು ನನ್ನ ಮಷಿನ್ನಿನಲ್ಲೇ ಆದವು. ಆರೋಗ್ಯ ಕೇಂದ್ರ ಯಾವ ಊರಿನದು ಎಂದು ಮಾತ್ರ ಬರೆಯುವುದಿಲ್ಲ. ಬರೆದರೆ, ಅಲ್ಲಿ ಉಳಿದಿರುವ ನರ್ಸಮ್ಮನನ್ನೂ ಯಾವುದಾದರೂ ತರಬೇತಿಗೆ ಕರೆಸಿಕೊಂಡುಬಿಡುತ್ತೀರಿ ಎಂಬ ಭಯ.

ನನ್ನ ಮೊಮ್ಮಗಳು ಖುಷ್ಬೂಗೆ ನಾಲ್ಕು ವರ್ಷ. ಕೂಸಾಗಿದ್ದಾಗಿನಿಂದ ಅವಳಿಗೆ ಕೆಮ್ಮು, ಎದೆಯಲ್ಲಿ ಗೊರಗೊರ. ಕೆಮ್ಮು ಇಳಿದರೆ ಹೊಟ್ಟೆ ಕೆಡುತ್ತಿತ್ತು, ಹೊಟ್ಟೆ ಸರಿಯಾದರೆ ಜ್ವರ. ಕೇಂದ್ರದಲ್ಲಿ ಮೊದಲಿದ್ದವರು ಕೆಮ್ಮಿಗೆ ಕೆಂಪು ಔಷಧಿ ಕೊಟ್ಟರು, ಹೊಟ್ಟೆಗೆ ಬಿಳಿ ಪುಡಿ ಕೊಟ್ಟರು. ಹುಡುಗಿ ಸೊರಗಿದ್ದಾಳಲ್ಲ ಎಂದರೆ "ಅದನ್ನ ಅಂಗನವಾಡಿಯಾಗ ಕೇಳ್ರಿ" ಎಂದರು. ಅಂಗನವಾಡಿಯವರು ತೂಕ ಮಾಡಿ, "ಕಡಿಮಿ ಐತ್ರಿ, ಡಾಕ್ಟರಿಗೆ ತೋರಸ್ರಿ" ಎಂದರು. ನಾನು ಒಂದು ಪುಟ್ಟ ಅಂಗಿ ಹೊಲಿಯಬೇಕಾದರೂ ಮಗುವನ್ನು ಎದುರಿಗೆ ನಿಲ್ಲಿಸಿ ಹೆಗಲು, ಎದೆ, ತೋಳು, ಉದ್ದ ಎಲ್ಲವನ್ನೂ ಅಳೆಯುತ್ತೇನೆ. ತೋಳಷ್ಟೇ ಅಳೆದು ಹೊಲಿದ ಅಂಗಿಯನ್ನು ಯಾವ ತಾಯಿಯಾದರೂ ಮನೆಗೆ ಒಯ್ದಾಳೆಯೇ? ಅಂಗಿಗಿರುವ ಮರ್ಯಾದೆ ಅಂಗಿ ತೊಡುವ ಮಗುವಿಗೆ ಏಕಿಲ್ಲ ಸ್ವಾಮಿ?

ಹೀಗಿರುವಾಗ ಬಂದವರು ಡಾಕ್ಟರ್ ಐಶ್ವರ್ಯ. ಮೊದಲ ಸಲ ಹೋದಾಗ ಅವರು ಕೂಡಲೇ ಔಷಧಿ ಬರೆಯಲಿಲ್ಲ. ಖುಷ್ಬೂಳನ್ನು ತಮ್ಮ ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಬೆನ್ನ ಮೇಲೆ ಕೈಯಿಟ್ಟು, ನಮ್ಮನ್ನು ಒಬ್ಬೊಬ್ಬರನ್ನಾಗಿ ಕೇಳತೊಡಗಿದರು.

"ಈಕಿ ಎಲ್ಲಿ ಮಲಗ್ತಾಳ್ರಿ?"

"ಮಾವನ ಮಷಿನ್ ಬುಡಕ್ರಿ," ಎಂದಳು ನನ್ನ ಸೊಸೆ ನಾಜಮೀನ್. "ಚಿಂದಿ ಗಂಟಿನ ಮ್ಯಾಲೆ ಹಾಕಿದ್ರ ಲಗೂನ ನಿದ್ದಿ ಬರತೈತ್ರಿ."

"ಏನು ತಿಂತಾಳ?"

"ಚಾದಾಗ ಟೋಸ್ಟ್ ಎದ್ದಿ ಕೊಡ್ತೀವ್ರಿ. ರೊಟ್ಟಿ ಕೊಟ್ರ ಉಗಳ್ತಾಳ."

"ಕೆಮ್ಮು ಬಂದ್ರ ಮನ್ಯಾಗ ಏನ್ ಮಾಡ್ತೀರಿ?"

ಇದಕ್ಕೆ ಉತ್ತರ ಕೊಟ್ಟವಳು ನನ್ನ ಹೆಂಡತಿ ಹಸೀನಾಬಿ, ಅದೂ ಎದೆಯುಬ್ಬಿಸಿಕೊಂಡು. "ಯಾವುದೂ ಕಡಿಮಿ ಮಾಡಿಲ್ರಿ ಡಾಕ್ಟರಬಾಯಿ. ಶೆಗಡಿಯೊಳಗ ಕೆಂಡ ಹಾಕಿ, ಲೋಬಾನ, ಬಳ್ಳೊಳ್ಳಿ ಸಿಪ್ಪಿ, ಅಜಿವಾನ ಉದುರಿಸಿ, ಸೆರಗು ಮುಚ್ಚಿ ಹೊಗಿ ಕೊಡ್ತೇನಿ. ಕೆಮ್ಮು ಜೋರಾದ್ರ ಹೊಗಿನೂ ಜೋರು ಮಾಡ್ತೇನಿ."

ನಮ್ಮ ಕಡೆ ಜಾತಿ ಯಾವುದೇ ಇರಲಿ, ಕೂಸಿಗೆ ಎರೆದ ಮೇಲೆ ಹೊಗೆ ಹಾಕದ ಮನೆ ಸಿಗುವುದು ಕಷ್ಟ. ನೆಗಡಿಗೆ, ಕೆಮ್ಮಿಗೆ, ಅಳುವಿಗೆ, ದೃಷ್ಟಿಗೆ, ಎಲ್ಲಕ್ಕೂ ಅದೇ ಮದ್ದು. ನನ್ನ ತಾಯಿ ನನಗೂ ಹಾಕಿದ್ದಳು. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಹಸೀನಾಬಿಯ ಕೈ ಹಿಡಿದು ಹೇಳಿದರು: "ಅಮ್ಮಾ, ಕೂಸು ಕೆಮ್ಮಾಕತ್ತಿದ್ರ ನಿಮ್ಮ ಕೈ ಸುಮ್ನ ಇರೂದಿಲ್ಲ, ನನಗ ಗೊತ್ತೈತಿ. ಆದ್ರ ಈ ಹೊಗಿನ ಈಕಿ ಉಸಿರು ಕಟ್ಟಸಾಕತ್ತೈತಿ. ಹೊಗಿ ಬಿಡ್ರಿ. ಅದರ ಬದ್ಲಿ ಇದನ್ನ ಹಿಡೀರಿ." ಉಸಿರಿನ ಜೊತೆ ಔಷಧಿ ಎಳೆದುಕೊಳ್ಳುವ ಪಂಪನ್ನೂ ಅದಕ್ಕೆ ಜೋಡಿಸುವ ಮುಖವಾಡವನ್ನೂ ಅವಳ ಕೈಗೆ ಕೊಟ್ಟು, ಹೇಗೆ ಹಿಡಿಯಬೇಕೆಂದು ಅವಳಿಂದಲೇ ಮಾಡಿಸಿ ನೋಡಿದರು.

ಹೊರಗೆ ಸಾಲಿನಲ್ಲಿದ್ದ ಈರಬಸಪ್ಪ ಗೊಣಗುತ್ತಿದ್ದ: "ಏನ್ ಡಾಕ್ಟರಪಾ ಈಕಿ! ಕನ್ಯಾ ನೋಡಾಕ ಬಂದಂಗ ಮನಿತನ ಎಲ್ಲಾ ವಿಚಾರಸ್ತಾಳ." ಅವನ ಮೊಮ್ಮಗನ ಸರದಿ ಬಂದಾಗ ಅವನೂ ಕುರ್ಚಿ ಬಿಟ್ಟು ಬೇಗ ಏಳಲಿಲ್ಲ.

ಶೆಗಡಿ ಅಟ್ಟ ಸೇರಿತು. ನನ್ನ ಮಷಿನ್ ಹೊರಗಿನ ಕಟ್ಟೆಗೆ ಬಂತು, ಚಿಂದಿಯ ಗಂಟು ಹಿತ್ತಲಿಗೆ ಹೋಯಿತು. ಕುಡಿಯುವ ನೀರು ಕುದಿಸತೊಡಗಿದೆವು. ಜಂತಿನ ಗುಳಿಗೆ ಆಯಿತು, ಚಹಾ ಹೋಗಿ ಜೋಳದ ಅಂಬಲಿ, ಬೇಯಿಸಿದ ತತ್ತಿ ಬಂದವು. ಖುಷ್ಬೂ ಓಣಿಯಲ್ಲಿ ಓಡಾಡುವುದನ್ನು ನಾನು ಕಟ್ಟೆಯ ಮೇಲೆ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದೆ. ಓಡಿದರೂ ಅವಳಿಗೆ ತೇಕು ಬರುತ್ತಿರಲಿಲ್ಲ. ನಮಗೆ ಅದೆಷ್ಟು ಸಂತೋಷ ಎಂದು ನಿಮ್ಮ ವರದಿಯ ಯಾವ ಕಲಮಿನಲ್ಲಿ ಬರೆಯುತ್ತೀರೋ ನಾನರಿಯೆ.

ಆಮೇಲೆ ಪತ್ರಿಕೆಯಲ್ಲಿ ತಮ್ಮ ಭಾಷಣ ಬಂತು. "ಮಗುವನ್ನು ಬಿಡಿಬಿಡಿಯಾಗಿ ನೋಡದೆ ಇಡಿಯಾಗಿ ನೋಡಬೇಕು" ಎಂದಿದ್ದಿರಿ. ಓದಿ ನಾನು ಚಪ್ಪಾಳೆ ಹೊಡೆಯುವುದೊಂದು ಬಾಕಿ. ಅದೇ ವಾರ ನಮ್ಮ ಡಾಕ್ಟರನ್ನು ಕಚೇರಿಗೆ ಕರೆಸಿಕೊಂಡಿರಿ. ಏಕೆಂದು ವಿಚಾರಿಸಿದರೆ, ಮಕ್ಕಳನ್ನು ಇಡಿಯಾಗಿ ನೋಡುವುದು ಹೇಗೆ ಎಂದು ಉಳಿದವರಿಗೆ ತರಬೇತಿ ಕೊಡಲು! ಚೆನ್ನಾಗಿ ನೋಡುತ್ತಾರೆ ಎಂಬ ಕಾರಣಕ್ಕೇ ನೋಡುವ ಕೆಲಸದಿಂದ ತೆಗೆಯುವ ಈ ಜಾಣತನವನ್ನು ತಾವು ಎಲ್ಲಿ ಕಲಿತಿರಿ? ಚೆನ್ನಾಗಿ ಹೊಲಿಯುತ್ತಾನೆಂದು ನನ್ನ ಕೈಯಿಂದ ಯಾರೂ ಕತ್ತರಿ ಕಸಿದುಕೊಂಡಿಲ್ಲ, ಸದ್ಯ.

ಈಗ ವಾರಕ್ಕೊಮ್ಮೆ ಬೇರೆ ಡಾಕ್ಟರು ಬಂದು ಹೋಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಇನ್ನೂ ಎಷ್ಟೋ ಊರುಗಳನ್ನು ಅವರ ತಲೆಗೆ ಕಟ್ಟಿದ್ದೀರಿ. ತಲೆ ಎತ್ತದೆ "ಏನಾಗೈತಿ?" ಎನ್ನುತ್ತಾರೆ. ಮತ್ತೆ ಅದೇ ಕೆಂಪು ಔಷಧಿ. ಪಂಪಿನ ಔಷಧಿ ಮುಗಿದಿದೆ, ದೊಡ್ಡ ದವಾಖಾನೆಗೆ ಹೋಗಿ ಎಂದರು. ಹೋದೆವು. ಅಲ್ಲಿ ಎದೆಗೊಂದು ಸಾಲು, ಹೊಟ್ಟೆಗೊಂದು ಸಾಲು. ಒಂದರಲ್ಲಿ ನಿಂತಾಗ ಇನ್ನೊಂದು ಮುಚ್ಚಿತು, ನಿಂತ ಸಾಲಿನಲ್ಲೂ "ಸ್ಟಾಕ್ ಇಲ್ಲ" ಎಂದರು. ಕೊನೆಗೆ ತಮ್ಮ ಕಚೇರಿಗೂ ಬಂದೆ. ತಾವು ಸಭೆಯಲ್ಲಿದ್ದಿರಿ. ಮೇಜಿನ ಹಿಂದಿನವರು ಬಹಳ ಮರ್ಯಾದೆಯಿಂದಲೇ ಕೇಳಿದರು: "ನಿಮ್ಮ ಮೊಮ್ಮಗಳ ತೊಂದ್ರಿ ಯಾವ ವಿಭಾಗಕ್ಕ ಬರತೈತ್ರಿ ಕಾಕಾ?" ಎದೆ ಎನ್ನಲೋ, ಹೊಟ್ಟೆ ಎನ್ನಲೋ? ನಿಂತು ನಿಂತು ಬಂದ ದಾರಿಯಲ್ಲೇ ಮರಳಿದೆ.

ಈಗ ಮಳೆ ಹಿಡಿದಿದೆ. ಕಟ್ಟೆಯ ಮೇಲೆ ಎರಚಲು ಹೊಡೆಯುವುದರಿಂದ ಮಷಿನ್ ಮತ್ತೆ ಒಳಗೆ ಬಂದಿದೆ. ಶಾಲೆ ಶುರುವಾಗಿದೆ, ಹೊಲಿಯದೆ ಇದ್ದರೆ ಮನೆ ನಡೆಯದು. ಹೊಲಿದರೆ ನೂಲಿನ ಧೂಳು ಮನೆಯ ತುಂಬ. ಖುಷ್ಬೂಗೆ ಮತ್ತೆ ಗೊರಗೊರ ಶುರುವಾಗಿದೆ. ನಾನು ಹೊಲಿಗೆ ನಿಲ್ಲಿಸಿದಾಗಲೆಲ್ಲ ಅವಳ ಉಸಿರೇ ಕೇಳುತ್ತದೆ, ಹಾಗಾಗಿ ನಿಲ್ಲಿಸಲೂ ಹೆದರಿಕೆ.

ಇವತ್ತು ಮುಂಜಾನೆ ಹಸೀನಾಬಿ ಅಟ್ಟದಿಂದ ಶೆಗಡಿ ಇಳಿಸಿದಳು. ನಾನು ಬೈದೆ. "ಡಾಕ್ಟರು ಬ್ಯಾಡ ಅಂದಿದ್ದು ಮರ್ತೀ ಏನ?" ಎಂದೆ. ಅವಳು ಜಗಳಾಡಲಿಲ್ಲ.

"ಮರ್ತಿಲ್ರಿ. ಬ್ಯಾಡ ಅಂದಾಕಿ ಬದ್ಲಿ ಒಂದು ಕೈಯಾಗ ಕೊಟ್ಟಿದ್ಲು. ಈಗ ಬ್ಯಾಡ ಅನ್ನಾವ್ರೂ ಇಲ್ಲ, ಕೊಡಾವ್ರೂ ಇಲ್ಲ. ಕೂಸು ಹಿಂಗ ಉಸಿರಿಗೆ ಒದ್ದಾಡೂದು ನೋಡ್ಕೋತ ಬರಿಗೈಲೆ ಹೆಂಗ ಕುಂದರ್ಲಿ? ನೀವ ಹೇಳ್ರಿ, ಹಾಕಲೋ ಬ್ಯಾಡೋ?"

ಹೊಗೆ ಹಾಕಿದರೆ ಮಗುವಿಗೆ ಕೇಡು ಎಂದು ನನಗೆ ಗೊತ್ತು, ಅವಳಿಗೂ ಗೊತ್ತು. ಅದಕ್ಕೇ ಅವಳ ಪ್ರಶ್ನೆಯನ್ನು ತಮಗೆ ದಾಟಿಸಲು ಈ ಪತ್ರ ಬರೆಯಲು ಕೂತೆ. ನನ್ನ ಬೇಡಿಕೆ ದೊಡ್ಡದಲ್ಲ. ಡಾಕ್ಟರ್ ಐಶ್ವರ್ಯ ಅವರನ್ನು ನಮ್ಮ ಕೇಂದ್ರಕ್ಕೆ ಮರಳಿ ಕಳಿಸಿ, ಪಂಪಿನ ಔಷಧಿ ಕಳಿಸಿ. ತರಬೇತಿ ಬೇಕಾದವರು ಇಲ್ಲಿಗೇ ಬಂದು ಅವರ ಬಾಜೂ ಕೂತು ಕಲಿಯಲಿ. ಇದು ತಮ್ಮಿಂದ ಆಗದಿದ್ದರೆ, ತಾವೇ ಒಮ್ಮೆ ಬಂದು, ಶೆಗಡಿಯ ಮುಂದೆ ಕೂತ ನನ್ನ ಹೆಂಡತಿಗೆ ಉತ್ತರ ಹೇಳಿ. ಒಲೆಯಲ್ಲಿ ಕೆಂಡ ಇದೆ. ಅವಳು ಇನ್ನೂ ಹಾಕಿಲ್ಲ.

ಇಂತಿ,
ಯಾವ ವಿಭಾಗಕ್ಕೂ ಸೇರದ ಹುಡುಗಿಯೊಬ್ಬಳ ಅಜ್ಜ,
ಟೇಲರ್ ಮಹಬೂಬಸಾಬ
ತಂಬೂರ