ಹನ್ನೊಂದು ಇಂಚಿನ ಮೆಟ್ಟಿಲು

ಮೇ 27, ಸೋಮವಾರ
ಮೂರು ಊರುಗೋಲಿಗೆ ರಬ್ಬರ್ ಬುಷ್ ಹಾಕಿದೆ. ವಾಕರ್ ಒಂದರ ಕಾಲು ನೆಟ್ಟಗೆ ಮಾಡುತ್ತಿದ್ದೆ, ಡಾಕ್ಟರಮ್ಮ ವರ್ಕ್‌ಶಾಪಿಗೇ ಬಂದರು. ಆಸ್ಪತ್ರೆಗೆ ನಲವತ್ತು ವರ್ಷವಂತೆ, ಪುಸ್ತಕ ತರುತ್ತಾರಂತೆ. "ಮೇಸ್ತ್ರಿ, ಹಳಬರು ಅಂತ ಉಳಿದಿರೋದು ನೀವೊಬ್ಬರೇ. ಶುರುವಿನ ಕಥೆ ಬರೆದುಕೊಡಿ." ಉಳಿ ಹಿಡಿಯುವ ಕೈಗೆ ಪೆನ್ನು... ಆಗಲಿ ಎಂದೆ.

ಮೇ 28
ಬರೆದದ್ದು ಇಷ್ಟು. ಹಳೇ ಗೋದಾಮು, ಆರು ಮಂಚ, ದೊಡ್ಡಮ್ಮ. ಎಲ್ಲರ ಬಾಯಲ್ಲೂ ಅವರು ದೊಡ್ಡಮ್ಮನೇ, ಪೋಲಿಯೋ ಆದ ಕಾಲು ಎಳೆದುಕೊಂಡೇ ಆಸ್ಪತ್ರೆ ಕಟ್ಟಿದವರು. ಮೊದಲನೇ ರೋಗಿ ಮೂಟೆ ಹೊರುವ ಹಮಾಲ. ವಾರ್ಡಿನಲ್ಲಿ ಚೆನ್ನಾಗಿ ನಡೆದ, ಚಪ್ಪಾಳೆ ತಟ್ಟಿ ಕಳಿಸಿದರು. ಸ್ವಂತ ಮನೆಯ ಮೆಟ್ಟಿಲು ಹತ್ತಲಾಗದೆ ಎರಡು ದಿನ ಬೀದಿಯಲ್ಲಿ ಕೂತಿದ್ದ. ದೊಡ್ಡಮ್ಮ ಹೋಗಿ ತಮ್ಮ ಊರುಗೋಲಿನಿಂದಲೇ ಮೆಟ್ಟಿಲು ಅಳೆದು ಬಂದರು. ಅಂದಿನಿಂದ ನಿಯಮ — ರೋಗಿಯ ಮನೆಗೆ ಬಡಗಿಯೇ ಹೋಗಿ ಅಳೆಯಬೇಕು. ಅದೇ ಅಳತೆಯ ಮೆಟ್ಟಿಲು ಇಲ್ಲಿ ಮಾಡಿ, ಅದರ ಮೇಲೆ ಕಲಿಸಬೇಕು. "ಕಾಲು ಕೊಡೋದು ನಮ್ಮ ಕೈಲಿಲ್ಲ. ಮನೆ ವಾಪಸ್ ಕೊಡೋಣ" ಎನ್ನುತ್ತಿದ್ದರು. ಒಂಬತ್ತನೇ ರೋಗಿ ನಾನು, ಬಲಗಾಲಿಲ್ಲದವನು; ಆಮೇಲೆ ಇಲ್ಲೇ ಬಡಗಿಯಾಗಿ ಉಳಿದೆ.

ಅಲ್ಲಿಗೆ ನಿಲ್ಲಿಸಿದೆ. ಈಗ ವಾರ್ಡಿನಲ್ಲಿರುವ ಟೈಲರಮ್ಮನ ಮನೆಗೆ ಅಳೆಯಲು ನಾನು ಹೋಗೇ ಇಲ್ಲ. ಕೃತಕ ಕಾಲು ಉಜ್ಜುತ್ತಿತ್ತು, ಎರಡು ಬಸ್ಸು ಹತ್ತಬೇಕಿತ್ತು — ನೆಪಕ್ಕೇನು ಬರ? ಅವಳ ಗಂಡ ಅಳತೆ ಬರೆದ ಚೀಟಿ ತಂದ. ಹನ್ನೊಂದು ಇಂಚು. ನಂಬಿ ಮೆಟ್ಟಿಲು ಮಾಡಿದೆ.

ಜೂನ್ 5
ಒಂದು ವಾರ ಏನೂ ಬರೆಯಲಿಲ್ಲ. ಬರೆದರೆ ಅದನ್ನೇ ಬರೆಯಬೇಕು.

ಟೈಲರಮ್ಮ ಇವತ್ತು ಮತ್ತೆ ಬಿದ್ದಳು. ಮೂರನೇ ಸಲ. ಬೆನ್ನಿಗೆ ಪೆಟ್ಟಾಗಿ ಬಂದವಳು, ಐದು ತಿಂಗಳಾಯಿತು. ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್ ಕಟ್ಟಿಕೊಂಡು ನಡೆಯಲು ಕಲಿತಳು, ಈ ಮೆಟ್ಟಿಲೊಂದು ಬಗ್ಗುತ್ತಿಲ್ಲ. ಶುಕ್ರವಾರ ಕೊನೇ ಟ್ರಯಲ್. ಹತ್ತಿದರೆ ಮನೆ. ಇಲ್ಲದಿದ್ದರೆ ಎಂಟು ವರ್ಷದ ಮಗಳನ್ನು ಬಿಟ್ಟು ಆಶ್ರಮ, ಖಾಯಂ.

"ಹೊಸ ಬಾಡಿಗೆ ಮನೆ ನಾನಿನ್ನೂ ನೋಡೇ ಇಲ್ಲ ತಾತ. ಯಾವ ಪುಣ್ಯಾತ್ಮ ಕಟ್ಟಿಸಿದನೋ, ಏಣಿ ಇಟ್ಟು ಹತ್ತಬೇಕು," ಎಂದು ನಕ್ಕಳು. ತುಟಿ ಒಡೆದಿತ್ತು. ನನಗೆ ನಗು ಬರಲಿಲ್ಲ. ನಾಳೆ ಹೋಗುತ್ತೇನೆ. ಕಾಲು ಉಜ್ಜಿದರೆ ಉಜ್ಜಲಿ.

ಜೂನ್ 6, ಮಧ್ಯಾಹ್ನ
ಟೈಲರಮ್ಮನ ಮನೆ ಮೆಟ್ಟಿಲಿಗೆ ಟೇಪು ಹಿಡಿದೆ. ಆರು ಇಂಚು. ಇನ್ನೊಮ್ಮೆ ಹಿಡಿದೆ. ಆರೇ.

ಇವತ್ತು ಕೆಲಸಕ್ಕೆ ರಜೆಯಂತೆ, ಗಂಡ ಬಾಗಿಲಲ್ಲಿ ನಿಂತೇ ಇದ್ದ. ಒಳಗೆ ಬನ್ನಿ ಎನ್ನಲಿಲ್ಲ.

"ಹನ್ನೊಂದು ಅಂತ ಬರೆದಿದ್ದೆಯಲ್ಲಪ್ಪ?"

ಬಾಗಿಲ ಚಿಲಕ ಹಿಡಿದುಕೊಂಡ. "ಬೆಳಿಗ್ಗೆ ಆರಕ್ಕೆ ಹೋದರೆ ನಾನು ಬರೋದು ಸಂಜೆ ಏಳಕ್ಕೆ. ಅವಳು ಬಿದ್ದರೆ ಎತ್ತೋರು ಯಾರು, ಆ ಮಗುವಾ? ನನ್ನ ಕೈಲಾಗಲ್ಲ ಮೇಸ್ತ್ರಿ. ಬರಬೇಡ ಅಂತ ಅವಳ ಮುಖ ನೋಡಿ ಹೇಳೋಕಾಗಲಿಲ್ಲ. ನಿಮ್ಮ ಮೆಟ್ಟಿಲೇ ಹೇಳಲಿ ಅಂದ್ಕೊಂಡೆ."

ಕಪಾಳಕ್ಕೆ ಬಿಡಬೇಕೆನಿಸಿತು. ಬಿಡಲು ನನಗೇನು ಹಕ್ಕು? ಅವನ ಸುಳ್ಳಿಗೆ ಹಲಗೆ ಕೊಯ್ದು ಮೊಳೆ ಹೊಡೆದವನು ನಾನೇ.

ಜೂನ್ 7, ಶುಕ್ರವಾರ, ಹನ್ನೊಂದು ಗಂಟೆ
ಬೆಳಿಗ್ಗೆಯೇ ಡಾಕ್ಟರಮ್ಮನ ಮುಂದೆ ಒಪ್ಪಿಕೊಂಡೆ, ಅಳೆಯಲು ಹೋಗಿರಲಿಲ್ಲ ಎಂದು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆಟ್ಟಿಲನ್ನು ಆರಕ್ಕೆ ಇಳಿಸಿದೆ. ಟೈಲರಮ್ಮ ಊರುಗೋಲು ಊರಿದಳು, ಸೊಂಟ ಎತ್ತಿದಳು... ಹತ್ತಿದಳು. ಇಳಿದಳು. ಯಾರೂ ಹೇಳದಿದ್ದರೂ ಮತ್ತೆ ಹತ್ತಿದಳು. ನಾಳೆ ಡಿಸ್ಚಾರ್ಜ್, ಗಂಡನಿಗೂ ಫೋನ್ ಹೋಯಿತು.

ಅದೇ ದಿನ, ಮೂರು ಗಂಟೆ
ವರ್ಕ್‌ಶಾಪಿಗೆ ಬಂದು ಟೈಲರಮ್ಮ ಎದುರಿಗೇ ಕೂತಿದ್ದಾಳೆ. ಕೊಯ್ದು ಬಿಸಾಡಿದ ಹಲಗೆಯ ಮೇಲೆ ಬೆರಳಿಟ್ಟು ಅಳೆದಳು.

"ಐದು ಇಂಚು. ನಮ್ಮ ಕೆಲಸದಲ್ಲಿ ಅರ್ಧ ಇಂಚು ಹೆಚ್ಚುಕಮ್ಮಿ ಆಗುತ್ತೆ ತಾತ. ಐದು ಇಂಚು ಕೈತಪ್ಪಲ್ಲ. ಅಳತೆ ಕೊಟ್ಟಿದ್ದು ನಮ್ಮನೆಯವರಾ?"

ಒಂದು ನಿಮಿಷ ಇರಮ್ಮ, ಇದೊಂದು ಬರೆದುಬಿಡುತ್ತೇನೆ ಎಂದೆ. ತಲೆ ಎತ್ತುವ ಧೈರ್ಯವಿಲ್ಲ, ಇದನ್ನು ಗೀಚುತ್ತಿದ್ದೇನೆ. ತಪ್ಪೆಲ್ಲ ನನ್ನದೇ ಎಂದುಬಿಡಬಹುದು. ಅರ್ಧ ನಿಜವೂ ಹೌದು. ನಗುತ್ತಾ ಹೋಗುತ್ತಾಳೆ... ಹೋಗಿ, ತನ್ನನ್ನು ಬೇಡವೆಂದವನ ಜೊತೆ ಏನೂ ತಿಳಿಯದೆ ಇರುತ್ತಾಳೆ.

ಕಿಟಕಿಯಾಚೆ ಗೇಟು. ಗಂಡ ಬರುತ್ತಿದ್ದಾನೆ, ಮಗಳ ಕೈ ಹಿಡಿದುಕೊಂಡು. ಅವಳೂ ನೋಡಿದಳು.

"ಪೆನ್ನು ಕೆಳಗಿಡಿ ತಾತ. ಅವರು ಒಳಗೆ ಬರೋ ಮುಂಚೆ ನನಗೆ ಗೊತ್ತಿರಬೇಕು."

ಇಡುತ್ತೇನೆ. ಹೇಳುತ್ತೇನೆ. ಅವನು ಅಂದದ್ದನ್ನೂ, ನಾನು ಹೋಗದೆ ಇದ್ದದ್ದನ್ನೂ, ಎರಡನ್ನೂ. ಮೊದಲು ನನ್ನದು —