ಅರ್ಧ ಬಟ್ಟಲು ಚಹಾ

ಬಿಷ್ಕೆಕ್, ಮಂಗಳವಾರ

ಪ್ರೀತಿಯ ಅತ್ತೆ,

ನನ್ನ ಹೃದಯಕ್ಕೆ ಏನೂ ಆಗಿಲ್ಲವಂತೆ. ಎದೆ ಹೊಡೆದುಕೊಳ್ಳುವುದು, ಉಸಿರು ಕಟ್ಟುವುದು, ಕೈ ನಡುಗುವುದು ಎಲ್ಲ ಆತಂಕದ ಕಾಯಿಲೆ, ವಾಸಿಯಾಗುತ್ತದೆ ಎಂದರು ಇಲ್ಲಿನ ಡಾಕ್ಟರಮ್ಮ. ದೃಷ್ಟಿ ತಾಗಿದ್ದಲ್ಲ. ಇನ್ನು ದೃಷ್ಟಿ ತೆಗೆಯಲು ಅರ್ಚಾ ಮರದ ಸೊಪ್ಪಿನ ಹೊಗೆ ಹಾಕಿಸಬೇಡಿ, ಕೆಮ್ಮು ಬರುತ್ತದೆ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ನೆಂಟರ ಮುಂದೆ ನೀವು, "ಬಟ್ಟಲು ತುಂಬಿಸಿ ಕೊಟ್ರೆ ಎದ್ದು ಹೋಗಿ ಅಂದ ಹಾಗೆ. ನಮ್ಮ ಸೊಸೆ ನೋಡ್ರಿ, ಅರ್ಧವೇ ಬಗ್ಗಿಸ್ತಾಳೆ, ಎಂಥ ಮರ್ಯಾದೆ!" ಎಂದು ಹೊಗಳುತ್ತಿದ್ದಿರಲ್ಲ? ಅದು ಮರ್ಯಾದೆಯಲ್ಲ ಅತ್ತೆ, ಚೆಲ್ಲಿಬಿಡುತ್ತೇನೆಂಬ ಭಯ. ಮೂರು ವರ್ಷ ನಿಮ್ಮ ಹೊಗಳಿಕೆಯ ಹಿಂದೆ ಅಡಗಿಕೊಂಡಿದ್ದೆ.

ಡಾಕ್ಟರಮ್ಮ ಮಾತ್ರೆಯ ಜೊತೆ ಒಂದು ಕೆಲಸವನ್ನೂ ಕೊಟ್ಟಿದ್ದಾರೆ: "ನಾಲ್ಕು ಜನರ ಮುಂದೆ ಬೇಕಂತಲೇ ಚೆಲ್ಲಮ್ಮ. ಏನಾಗುತ್ತೆ, ನೋಡೇಬಿಡೋಣ."

ಭಾನುವಾರ ಬರುತ್ತೇನೆ. ನೆಂಟರನ್ನೆಲ್ಲ ಕರೆಯಿರಿ. ಹಳೆಯ ಮೇಜುಬಟ್ಟೆ ಹಾಸಿ, ಚಹಾದ ನೀರು ಕಾಯಿಸುವ ಸಮಾವರ್ ನನ್ನ ಮುಂದೆಯೇ ಇಡಿ. ನನ್ನ ಕೈ ನಡುಗಿದರೂ ಯಾರೂ ಬಟ್ಟಲು ಕಸಿದುಕೊಳ್ಳಬಾರದು, ನೀವೂ ಅಷ್ಟೇ.

ಮೊದಲ ಬಟ್ಟಲು ನಿಮಗೇ. ಅಂಚಿನವರೆಗೂ ತುಂಬಿಸುತ್ತೇನೆ. ದಯವಿಟ್ಟು ಎದ್ದು ಹೋಗಬೇಡಿ.

ನಿಮ್ಮ ಸೊಸೆ,
ಬೆರ್ಮೆಟ್